ಮೊದಲ ಲಿಪ್‌ಸ್ಟಿಕ್ ಮ್ಯಾಟ್ ಬೇಡ

ಹಾಸನದಲ್ಲಿ ಮದುಮಗಳ ಮೇಕಪ್ ಮಾಡುವುದು ನನ್ನ ಕೆಲಸ. ಪ್ರತಿ ಮದುವೆ ಮನೆಯಲ್ಲೂ ನಾನು ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಮದುಮಗಳ ತಂಗಿಯೋ, ಚಿಕ್ಕಮ್ಮನ ಮಗಳೋ ಬಂದು ನಿಲ್ಲುತ್ತಾಳೆ. ‘ಅಕ್ಕಾ, ನಾನು ಹಚ್ಚಿದರೆ ಯಾಕೆ ಹೀಗೆ ಬಿರುಕು ಬಿಡುತ್ತೆ?’ ನೋಡದೆಯೇ ಗೊತ್ತಾಗುತ್ತದೆ, ಕೈಯಲ್ಲಿರುವುದು ಲಿಕ್ವಿಡ್ ಮ್ಯಾಟ್, ಅಂದರೆ ಹಚ್ಚಿದ ಮೇಲೆ ಹೊಳಪಿಲ್ಲದೆ ಒಣಗುವ ನೀರು ಲಿಪ್‌ಸ್ಟಿಕ್.

ಲಿಪ್‌ಸ್ಟಿಕ್ ಅಂದರೆ ಮೇಣ, ಎಣ್ಣೆ, ಬಣ್ಣ. ಆ ಎಣ್ಣೆ ಎಷ್ಟೋ ಸಲ ನಮ್ಮ ಹರಳೆಣ್ಣೆಯೇ. ಮ್ಯಾಟ್‌ನಲ್ಲಿ ಎಣ್ಣೆ ಕಡಿಮೆ, ಬಣ್ಣ ಜಾಸ್ತಿ. ತುಟಿಗೋ ಮೊದಲೇ ಬೆವರಿನ ಗ್ರಂಥಿ ಇಲ್ಲ, ಚರ್ಮ ತೆಳು. ಒಣಗಿದ ತುಟಿಯ ಒಂದೊಂದು ಗೆರೆಯನ್ನೂ ಮ್ಯಾಟ್ ಎತ್ತಿ ತೋರಿಸುತ್ತದೆ. ಗೆರೆ ತಪ್ಪಿದರೆ ತಿದ್ದುವಷ್ಟರಲ್ಲಿ ಒಣಗಿರುತ್ತದೆ. ಹೊಸಬರಿಗೆ ತಿರುಗಿಸಿ ಹಚ್ಚುವ ಕ್ರೀಮ್ ಕಡ್ಡಿಯೇ ಸರಿ.

ಬಣ್ಣ? ನಿಮ್ಮ ತುಟಿಗಿಂತ ಸ್ವಲ್ಪವೇ ಗಾಢವಾದದ್ದು. ನಾನು ಕಾಲೇಜಿನಲ್ಲಿದ್ದಾಗ ತಿಳಿ ನ್ಯೂಡ್, ಅಂದರೆ ಮೈಬಣ್ಣದಂಥದ್ದು, ಹಚ್ಚಿಕೊಂಡು ಹೊರಟಿದ್ದೆ. ಅಮ್ಮ ಹಣೆ ಮುಟ್ಟಿ ನೋಡಿ ‘ಜ್ವರಾನಾ?’ ಅಂದರು. ನನ್ನಂಥ ಗೋಧಿ ಬಣ್ಣಕ್ಕೆ, ಇನ್ನೂ ಕಪ್ಪಿಗೆ, ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ಬಣ್ಣ ಚೆನ್ನಾಗಿ ಒಪ್ಪುತ್ತವೆ. ಅಂಗಡಿಯ ಟೆಸ್ಟರ್ ಅನ್ನು ತುಟಿಗೆ ಮುಟ್ಟಿಸಲೇಬೇಡಿ, ಎಷ್ಟು ಜನರ ಬಾಯಿ ತಾಗಿದೆಯೋ! ಬೆರಳ ತುದಿಗೆ ಹಚ್ಚಿ, ಬಾಗಿಲ ತನಕ ಬಂದು ಬಿಸಿಲಲ್ಲಿ ನೋಡಿ. ಅಂಗಡಿಯ ಲೈಟು ನಂಬಿ ಕೊಂಡ ಎರಡು ಕಡ್ಡಿ ನನ್ನ ಹತ್ತಿರ ಸುಮ್ನೆ ಬಿದ್ದಿವೆ.

ಹಚ್ಚುವ ಹತ್ತು ನಿಮಿಷ ಮುಂಚೆ ಲಿಪ್ ಬಾಮ್ ಸವರಿ. ಆಮೇಲೆ ಅದನ್ನು ಟಿಶ್ಯೂನಿಂದ ಒರೆಸಿಬಿಡಿ, ಇಲ್ಲದಿದ್ದರೆ ಬಣ್ಣ ಜಾರುತ್ತದೆ. ಸಿಪ್ಪೆ ಎದ್ದಿದ್ದರೆ ಹಲ್ಲಿನಿಂದ ಕಿತ್ತುಕೊಳ್ಳಬೇಡಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ. ಮೇಲ್ದುಟಿಯ ನಡುವಿನ ತಗ್ಗಿನಲ್ಲಿ ಲೈನರ್‌ನಿಂದ (ತುಟಿಯ ಅಂಚು ಬರೆಯುವ ಪೆನ್ಸಿಲ್) ಪುಟ್ಟ ಇಂಟು ಗುರುತು ಹಾಕಿ, ಎರಡೂ ಕಡೆ ಸಮ ಬರುತ್ತದೆ. ಅಲ್ಲಿಂದ ಮೂಲೆಯ ಕಡೆಗೆ ಎಳೆಯಿರಿ. ಬಾಯಿ ಸ್ವಲ್ಪ ತೆರೆದಿರಲಿ. ಒಂದು ಸಲ ಹಚ್ಚಿ, ಟಿಶ್ಯೂ ಒತ್ತಿ, ಇನ್ನೊಂದು ಸಲ ಹಚ್ಚಿ. ದಪ್ಪಗೆ ಒಂದೇ ಸಲ ಬಳಿದರೆ ಅದು ಹೋಗುವುದು ಕಾಫಿ ಲೋಟಕ್ಕೆ. ಕೊನೆಗೆ ತೋರುಬೆರಳನ್ನು ಬಾಯಲ್ಲಿಟ್ಟು ತುಟಿ ಮುಚ್ಚಿ ಹೊರಗೆಳೆಯಿರಿ. ಹಲ್ಲಿಗೆ ಅಂಟಬೇಕಿದ್ದ ಬಣ್ಣವೆಲ್ಲ ಬೆರಳಿಗೆ ಬರುತ್ತದೆ. ನಾಚಿಕೆ ಆದರೆ ಬಚ್ಚಲಿಗೆ ಹೋಗಿ ಮಾಡಿ, ಆದರೆ ಮಾಡಿ.

ಊಟದ ವಿಷಯ. ಒಬ್ಬಟ್ಟಿನ ಮೇಲಿನ ತುಪ್ಪಕ್ಕೆ ಎಂಥ ಗಟ್ಟಿ ಮ್ಯಾಟ್ ಕೂಡ ಸೋಲುತ್ತದೆ, ಯಾಕೆಂದರೆ ಜಿಡ್ಡು ಮೇಣವನ್ನು ಕರಗಿಸುತ್ತದೆ. ನಡುವೆ ಮಾತ್ರ ಹೋಗಿ ಅಂಚು ಉಳಿದಿರುತ್ತದೆ ಅಲ್ವಾ? ಅದರ ಮೇಲೇ ಬಳಿಯಬೇಡಿ, ಗಂಟು ಕಟ್ಟುತ್ತದೆ. ಪೂರ್ತಿ ಒರೆಸಿ ಹೊಸದಾಗಿ ಹಚ್ಚಿ. ನನ್ನ ಮದುಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಒಬ್ಬಟ್ಟು ಬಿಡಿ ಅಂತ ಯಾರಿಗೂ ಹೇಳಿಲ್ಲ.

ಕಡ್ಡಿಯನ್ನು ಎರಡು ಮೂರು ಮಿಲಿಮೀಟರ್ ಮಾತ್ರ ಮೇಲೆತ್ತಿ, ಜಾಸ್ತಿ ಎತ್ತಿದರೆ ಮುರಿಯುತ್ತದೆ. ಏಪ್ರಿಲ್‌ನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟು ಪಾಯಸ ಮಾಡಿಕೊಂಡವಳು ನಾನೇ. ಸೆಕೆಗೆ ಮೇಲೆ ಹನಿ ಹನಿ ಕಂಡರೆ ಹೆದರಬೇಡಿ, ಒಳಗಿನ ಎಣ್ಣೆ ಹೊರಬಂದಿದೆ ಅಷ್ಟೆ. ಆದರೆ ಕಮಟು ವಾಸನೆ ಬಂದರೆ ಎಸೆಯಿರಿ. ಡಬ್ಬಿಯ ಮೇಲೆ ತೆರೆದ ಮುಚ್ಚಳದ ಚಿತ್ರದಲ್ಲಿ 12 ಅಥವಾ 24 ಅಂತ ಇದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಅಂತ. ಅಕ್ಕ ತಂಗಿಯರಾದರೂ ಒಂದೇ ಕಡ್ಡಿ ಹಂಚಿಕೊಳ್ಳಬೇಡಿ, ತುಟಿಯ ಜ್ವರಗುಳ್ಳೆ ಹಾಗೆ ಹರಡಬಹುದು. ನಾನು ಮದುಮಗಳಿಗೆ ಚೂರು ಕೆರೆದು ತೆಗೆದು ಬ್ರಷ್‌ನಿಂದಲೇ ಹಚ್ಚುತ್ತೇನೆ.

ರಾತ್ರಿ ತೆಗೆಯಲು ಎರಡು ಹನಿ ತೆಂಗಿನೆಣ್ಣೆ ಸಾಕು. ಒಂದು ನಿಮಿಷ ಬಿಟ್ಟು ಹತ್ತಿಯಲ್ಲಿ ಒರೆಸಿ. ಅಮ್ಮನ ಬಿಳಿ ಟವೆಲ್ ಮಾತ್ರ ಮುಟ್ಟಬೇಡಿ.