ಕೋಡ್ ಬಂತು ಅಂದರೆ ಸೆನ್ಸರ್ ಹೋಯಿತು ಅಂತಲ್ಲ

ಚಿಕ್ಕಬಳ್ಳಾಪುರ ಸುತ್ತಮುತ್ತಲ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಲ್ಲಿ ಎಕ್ಸ್‌ಕವೇಟರ್, ಲೋಡರ್ ರಿಪೇರಿ ಮಾಡುವುದು ನನ್ನ ಕೆಲಸ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಿಗೆ ಸ್ಪ್ಯಾನರ್ ಮತ್ತು ಕಿವಿ ಇದ್ದರೆ ಸಾಕಿತ್ತು. ಈಗಿನ ಕಾಮನ್ ರೈಲ್ (ಡೀಸೆಲ್ ಬಿಡುವುದನ್ನು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ) ಎಂಜಿನ್‌ಗಳಲ್ಲಿ ಸುತ್ತಲೂ ಸೆನ್ಸರ್‌ಗಳು. ಅವು ಹೇಳಿದ ಲೆಕ್ಕದಲ್ಲೇ ಇಸಿಎಂ, ಅಂದರೆ ಎಂಜಿನ್‌ನ ಕಂಪ್ಯೂಟರ್, ಡೀಸೆಲ್ ಬಿಡುತ್ತದೆ. 2021ರ ಏಪ್ರಿಲ್‌ನಲ್ಲಿ ಟೈರ್ ಮೇಲೆ ಓಡುವ ಯಂತ್ರಗಳಿಗೆ ಬಿಎಸ್-4 ಹೊಗೆ ನಿಯಮ ಬಂದ ಮೇಲಂತೂ ಇಂಥ ಎಂಜಿನ್ ಇನ್ನೂ ಜಾಸ್ತಿಯಾದವು. ಡಿಸ್‌ಪ್ಲೇಯಲ್ಲಿ ತೊಂದರೆ ತಿಳಿಸುವ ಕೋಡ್ ಬಂದ ತಕ್ಷಣ ಹೊಸ ಸೆನ್ಸರ್ ತರಿಸುವುದು ನಮ್ಮ ಕಡೆಯ ರೂಢಿ. ನಾನು ನೋಡಿದ ಮಟ್ಟಿಗೆ ತಕರಾರು ಜಾಸ್ತಿ ಸಲ ಇರುವುದು ವೈರ್‌ನಲ್ಲಿ, ಇಲ್ಲವೇ ಕನೆಕ್ಟರ್‌ನಲ್ಲಿ.

ಹೆಚ್ಚಿನ ಯಂತ್ರಗಳಲ್ಲಿ ಕೋಡ್‌ಗೆ ಎರಡು ಭಾಗ ಇರುತ್ತದೆ. ಎಸ್‌ಪಿಎನ್ ಅನ್ನುವುದು ಯಾವ ಅಳತೆ ಅಂತ ಹೇಳುತ್ತದೆ. 100 ಅಂದರೆ ಆಯಿಲ್ ಪ್ರೆಶರ್, 102 ಬೂಸ್ಟ್ ಪ್ರೆಶರ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ), 110 ಕೂಲೆಂಟ್ ಬಿಸಿ. ಎಫ್‌ಎಂಐ ಅನ್ನುವುದು ಏನಾಗಿದೆ ಅಂತ ಹೇಳುತ್ತದೆ. ಎಲ್ಲರೂ ಮೊದಲನೆಯದನ್ನು ಓದಿ ಅಂಗಡಿಗೆ ಓಡುತ್ತಾರೆ. ನಾನು ಮೊದಲು ನೋಡುವುದು ಎರಡನೆಯದನ್ನು. 3 ಬಂದರೆ ವೋಲ್ಟೇಜ್ ಜಾಸ್ತಿ, 4 ಬಂದರೆ ಕಡಿಮೆ. ಎರಡೂ ಕರೆಂಟಿನ ವಿಷಯ. ಆದರೆ 100ರ ಜೊತೆ 1 ಬಂದರೆ ಮಾತೇ ಬೇರೆ. ಸೆನ್ಸರ್ ಅಳೆಯುತ್ತಿದೆ, ಪ್ರೆಶರ್ ನಿಜವಾಗಿಯೂ ಬಿದ್ದಿದೆ ಅಂತ ಇಸಿಎಂ ಹೇಳುತ್ತಿದೆ. ಆಗ ಎಂಜಿನ್ ನಿಲ್ಲಿಸಿ, ಆಯಿಲ್ ಲೆವೆಲ್ ನೋಡಿ, ಮೆಕ್ಯಾನಿಕಲ್ ಗೇಜ್ ಹಾಕಿ ಪ್ರೆಶರ್ ಅಳೆಯುತ್ತೇನೆ. ಅದಾಗುವವರೆಗೆ ವೈರಿಂಗ್ ಕಡೆ ತಲೆ ಹಾಕುವುದಿಲ್ಲ.

ಒಂದು ಕ್ವಾರಿಯಲ್ಲಿ ರಾಕ್ ಬ್ರೇಕರ್ ಹಾಕಿದ ಎಕ್ಸ್‌ಕವೇಟರ್ ಇತ್ತು. ಕಲ್ಲು ಒಡೆಯುವಾಗ ಪವರ್ ದಿಢೀರ್ ಅಂತ ಬೀಳುತ್ತಿತ್ತು, ಎಷ್ಟು ಮಾಡಿದರೂ ಆರ್‌ಪಿಎಂ ಏರುತ್ತಿರಲಿಲ್ಲ. 100 ಮತ್ತು 102, ಎರಡಕ್ಕೂ ಎಫ್‌ಎಂಐ 4. "ಅಣ್ಣ, ಎರಡು ಸೆನ್ಸರೂ ಹೋಗಿವೆಯಂತೆ, ಆರ್ಡರ್ ಹಾಕಿಬಿಡ್ಲಾ?" ಅಂತ ಓನರ್ ಫೋನ್ ಮಾಡಿದ್ದರು. ತಡೀರಿ ಅಂದೆ. ಎರಡು ಸೆನ್ಸರ್ ಒಂದೇ ಕ್ಷಣದಲ್ಲಿ ಸಾಯುವುದು ಅಪರೂಪ, ಅಲ್ವಾ?

ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಅಲ್ಲಿ ಹೋಗಿದ್ದೆ. ರಾತ್ರಿಯಿಡೀ ನಿಂತ ಯಂತ್ರದಲ್ಲಿ ಬರೀ ಕೀ ಆನ್ ಮಾಡಿ ನೋಡುವುದು ನನಗೆ ತುಂಬಾ ಇಷ್ಟದ ಪರೀಕ್ಷೆ, ಖರ್ಚೇ ಇಲ್ಲ. ಕೂಲೆಂಟ್, ಒಳಹೋಗುವ ಗಾಳಿ, ಡೀಸೆಲ್ ಮೂರರ ಬಿಸಿಯೂ ಹತ್ತಿರ ಹತ್ತಿರ ಒಂದೇ ಇರಬೇಕು. ಒಂದು ಮಾತ್ರ ಬೇರೆ ತೋರಿಸಿದರೆ ಅನುಮಾನ ಅದರ ಮೇಲೆ. ಆಯಿಲ್ ಪ್ರೆಶರ್ ಸೊನ್ನೆ ಇರಬೇಕು. ಬೂಸ್ಟ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮ ಚಿಕ್ಕಬಳ್ಳಾಪುರ ಎತ್ತರದ ಜಾಗ, ಹಾಗಾಗಿ ಇಲ್ಲಿ ಸುಮಾರು 90 ಕಿಲೋಪ್ಯಾಸ್ಕಲ್. ಅದೇ ಯಂತ್ರ ಮಂಗಳೂರಲ್ಲಿದ್ದರೆ 100ರ ಆಸುಪಾಸು. ಕೆಲವು ಡಿಸ್‌ಪ್ಲೇಗಳು ಇದನ್ನು ಕಳೆದು ಸೊನ್ನೆ ತೋರಿಸುತ್ತವೆ, ಗಾಬರಿ ಬೇಡ. ಆವತ್ತು ಎಲ್ಲವೂ ಸರಿಯಾಗೇ ಇತ್ತು. ಅಂದರೆ ಯಂತ್ರ ಅಲುಗಾಡದೆ ನಿಂತಾಗ ಎರಡು ಸೆನ್ಸರೂ ಚೆನ್ನಾಗಿವೆ.

ಪ್ರೆಶರ್ ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ವೈರ್: 5 ವೋಲ್ಟ್, ಅರ್ತ್, ಸಿಗ್ನಲ್. ಆ 5 ವೋಲ್ಟ್ ಇಸಿಎಂನಿಂದ ಬರುತ್ತದೆ, ಹಲವು ಸೆನ್ಸರ್‌ಗಳು ಅದನ್ನೇ ಹಂಚಿಕೊಳ್ಳುತ್ತವೆ. ಒಂದು ಕಡೆ ಅದು ಅರ್ತ್‌ಗೆ ತಾಗಿದರೆ ಎಲ್ಲವೂ ಒಟ್ಟಿಗೆ ಮಲಗುತ್ತವೆ. ಬೂಸ್ಟ್ ಸೆನ್ಸರ್ ಕನೆಕ್ಟರ್‌ನ ಹಿಂದಿನಿಂದ ತೆಳು ಪಿನ್ ತೂರಿಸಿ ಮೀಟರ್ ಇಟ್ಟೆ. 5 ವೋಲ್ಟ್ ಇತ್ತು. ಕೀ ಆನ್, ಎಂಜಿನ್ ಆಫ್ ಇಟ್ಟುಕೊಂಡು ಹಾರ್ನೆಸ್ಸನ್ನು, ಅಂದರೆ ವೈರ್‌ಗಳ ಕಟ್ಟನ್ನು, ಕೈಯಿಂದ ಅಲ್ಲಾಡಿಸುತ್ತಾ ಹೋದೆ. ಎಂಜಿನ್ ಹಿಂಬದಿಗೆ ಬಂದಾಗ ಮೀಟರ್ ಸೊನ್ನೆಗೆ ಇಳಿಯಿತು, ಕೈ ಬಿಟ್ಟರೆ ಮತ್ತೆ 5. ಡಯಾಗ್ರಾಂ ನೋಡಿ ಆ ಲೈನ್‌ನಲ್ಲಿದ್ದ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿದೆ. ಯಾವುದಾದರೂ ಒಂದನ್ನು ಬಿಚ್ಚಿದಾಗ ಈ ತೊಂದರೆ ನಿಂತಿದ್ದರೆ ಅದರೊಳಗೇ ಶಾರ್ಟ್ ಅಂತ ಅರ್ಥ. ಎಲ್ಲ ಬಿಚ್ಚಿದರೂ ಬೀಳುತ್ತಲೇ ಇತ್ತು. ಹಾಗಾದರೆ ವೈರೇ.

ಹಾರ್ನೆಸ್ ಹಿಡಿದಿದ್ದ ಕ್ಲ್ಯಾಂಪ್‌ನ ರಬ್ಬರ್ ಸವೆದು ಹೋಗಿತ್ತು. ಮೇಲಿನ ಟೇಪ್ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬಿಚ್ಚಿದರೆ ಒಳಗೆ ತಾಮ್ರ ಹೊಳೆಯುತ್ತಿತ್ತು. ಬ್ರೇಕರ್ ಹೊಡೆತಕ್ಕೆ ಅದು ಕ್ಲ್ಯಾಂಪ್‌ಗೆ ತಾಗುತ್ತಿತ್ತು. ವೈರ್ ಕತ್ತರಿಸಿ ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ಒತ್ತಿ ಜೋಡಿಸಿ), ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿದೆ. ಇಂಥ ಕಂಪನ ಇರುವ ಕಡೆ ಬೆಸುಗೆ ನನಗೆ ಸರಿಬರುವುದಿಲ್ಲ, ಬೆಸುಗೆಯ ಅಂಚಿನಲ್ಲಿ ವೈರ್ ತುಂಡಾಗುತ್ತದೆ. ಹೊಸ ಕ್ಲ್ಯಾಂಪ್ ಹಾಕಿದ ಮೇಲೆ ಬ್ರೇಕರ್ ಓಡಿಸಿ ನೋಡಿದೆವು, ಕೋಡ್ ಬರಲಿಲ್ಲ.

ಕೂಲೆಂಟ್ ಸೆನ್ಸರ್‌ದು ಇನ್ನೂ ಸುಲಭ, ಎರಡೇ ವೈರ್. ಕನೆಕ್ಟರ್ ಬಿಚ್ಚಿದರೆ ಎಫ್‌ಎಂಐ 3 ಬರಬೇಕು. ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಸಣ್ಣ ವೈರ್‌ನಿಂದ ಸೇರಿಸಿದರೆ 4 ಬರಬೇಕು. ಎರಡೂ ಬಂದರೆ ವೈರಿಂಗ್, ಇಸಿಎಂ ಸರಿ ಇವೆ, ಆಗ ಸೆನ್ಸರ್ ಬದಲಾಯಿಸಿ. ಮೂರು ವೈರ್‌ನ ಸೆನ್ಸರ್‌ನಲ್ಲಿ ಹೀಗೆ ಸುಮ್ನೆ ಸೇರಿಸಬೇಡಿ.

ವೈರ್ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರಾಗುತ್ತದೆ. ಇನ್ನೊಂದು, ಬಕೆಟ್ ವೆಲ್ಡಿಂಗ್. ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ, ಇಸಿಎಂ ಕನೆಕ್ಟರ್ ಬಿಚ್ಚಿ. ವೆಲ್ಡಿಂಗ್ ಅರ್ತನ್ನು ಬಕೆಟ್‌ಗೇ ಕಚ್ಚಿಸಿ, ಚಾಸಿಗೆ ಅಲ್ಲ.