ಕಿವಿ ಮಿಷಿನ್‌ನ ರೇಡಿಯೇಷನ್: ಕ್ಯಾಲೆಂಡರ್ ಇಟ್ಟು ನಾನು ಹಾಕಿದ ಲೆಕ್ಕ

ನನ್ನ ಎರಡೂ ಕಿವಿ ಮಿಷಿನ್‌ಗಳು ಏಳು ವಾರ ಬೀರುವಿನಲ್ಲಿ ಕೂತಿದ್ದವು. ಕೆಟ್ಟಿರಲಿಲ್ಲ. ಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ಹಾಕಿಕೊಳ್ಳಲು ಭಯವಾಗಿತ್ತು, ಅಷ್ಟೇ.

ನಾನು ಮಂಡ್ಯದವನು. ಐಟಿಐನಲ್ಲಿ ರೇಡಿಯೋ, ಟೀವಿ ಮೆಕ್ಯಾನಿಕ್ ಟ್ರೇಡಿನ ಹುಡುಗರಿಗೆ ಇಪ್ಪತ್ತೆಂಟು ವರ್ಷ ಪಾಠ ಹೇಳಿ ನಿವೃತ್ತನಾದೆ. ವೋಲ್ಟು, ವ್ಯಾಟು, ಫ್ರೀಕ್ವೆನ್ಸಿ ಯಾವುದೂ ನನಗೆ ಹೊಸದಲ್ಲ. ಆದರೂ ಹೆದರಿದೆ. ಅದಕ್ಕೆ ಕಾರಣ ಇತ್ತು. ನಮ್ಮ ಮನೆಯಲ್ಲಿ ರೇಡಿಯೇಷನ್ ಅನ್ನೋ ಮಾತಿಗೆ ಒಂದೇ ಅರ್ಥ. ನನ್ನ ಭಾವಮೈದನಿಗೆ ಗಂಟಲು ಕ್ಯಾನ್ಸರ್ ಆಗಿ ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆ, ಕೊಡಿಸಿದ್ದೆವು. ಕತ್ತಿನ ಚರ್ಮ ಕಪ್ಪಾಗಿದ್ದು, ಒಂದು ಗುಟುಕು ನೀರು ನುಂಗೋಕೆ ಅವನು ಒದ್ದಾಡಿದ್ದು ಎಲ್ಲ ನೋಡಿದ್ದೇವೆ. ಹೊಸ ಮಿಷಿನ್‌ಗಳಲ್ಲಿ ಬ್ಲೂಟೂತ್ ಇದೆ, ಅದರ ರೇಡಿಯೇಷನ್ ನೇರವಾಗಿ ಮೆದುಳಿಗೆ ಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಅದನ್ನು ಓದಿದ ನನ್ನ ಹೆಂಡತಿಗೆ ತಮ್ಮನ ಮುಖವೇ ಕಣ್ಣ ಮುಂದೆ ಬಂದಿರಬೇಕು. "ರೀ, ಬೆಳಿಗ್ಗೆಯಿಂದ ರಾತ್ರಿವರೆಗೂ ಅದನ್ನ ತಲೆಗೆ ಅಂಟಿಸ್ಕೊಂಡೇ ಇರ್ತೀರಲ್ಲ, ಬೇಡ" ಅಂದಳು. ಅವಳಿಗೆ ಸಮಾಧಾನ ಹೇಳೋಕೆ ನನ್ನ ಹತ್ತಿರ ಒಂದೇ ಒಂದು ಅಂಕಿಯೂ ಇರಲಿಲ್ಲ. ಬಿಚ್ಚಿಟ್ಟೆ.

ಏಳನೇ ವಾರ ನೂರಡಿ ರಸ್ತೆಯಲ್ಲಿ ತರಕಾರಿ ಹಿಡಿದು ಬರುತ್ತಿದ್ದೆ. ಹಿಂದಿನಿಂದ ಬಂದ ಬೈಕು ಮೊಣಕೈಗೆ ತಾಗಿಕೊಂಡೇ ಹೋಯಿತು. ಅವನು ಮೂರು ಸಲ ಹಾರನ್ ಹೊಡೆದನಂತೆ, ಅಂಗಡಿಯವರು ಹೇಳಿದರು. ನನಗೆ ಒಂದೂ ಕೇಳಿಸಿರಲಿಲ್ಲ. ಟೊಮೆಟೊ ಎಲ್ಲ ರಸ್ತೆ ಮೇಲೆ ಬಿದ್ದಿದ್ದವು. ಅವನ್ನು ಆರಿಸುವಾಗ ಕೈ ನಡುಗುತ್ತಿತ್ತು. ಕಣ್ಣಿಗೆ ಕಾಣದ ಅಪಾಯಕ್ಕೆ ಹೆದರಿ, ಕಣ್ಣೆದುರಿನ ಅಪಾಯಕ್ಕೆ ಬೆನ್ನು ಕೊಟ್ಟು ನಡೆಯುತ್ತಿದ್ದೆ ಅಂತ ಆವತ್ತು ಗೊತ್ತಾಯಿತು.

ಮರುದಿನವೇ ರೈಲು ಹತ್ತಿ ಮೈಸೂರಿಗೆ ಹೋದೆ. ಮಾನಸಗಂಗೋತ್ರಿಯಲ್ಲಿರೋ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. 'ಸ್ಪೀಚ್ ಅಂಡ್ ಹಿಯರಿಂಗ್' ಅಂದ್ರೆ ಆಟೋದವರು ಸೀದಾ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನನ್ನನ್ನು ನೋಡಿದ ಹುಡುಗಿಗೆ ನನ್ನ ಮಗಳ ವಯಸ್ಸು. ಸಂಕೋಚಪಟ್ಟುಕೊಂಡೇ ವಿಷಯ ಹೇಳಿದೆ. ಅವಳು ನಗಲಿಲ್ಲ. "ಸಾರ್, ಬೇಡ ಅಂದ್ರೆ ವೈರ್‌ಲೆಸ್ ಆಫ್ ಮಾಡಿಕೊಡ್ತೀನಿ. ಆದ್ರೆ ಮಿಷಿನ್‌ನ ಮಾತ್ರ ಬೀರುವಿನಲ್ಲಿ ಇಡಬೇಡಿ" ಅಂದಳು. ಬ್ಲೂಟೂತ್ ಬೇಡ ಅನ್ನೋದೂ ಕಿವಿ ಮಿಷಿನ್ ಬೇಡ ಅನ್ನೋದೂ ಬೇರೆ ಬೇರೆ ಅಲ್ವಾ? ಅಷ್ಟು ಸಣ್ಣ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಮಿಷಿನ್‌ನಲ್ಲಿ ಸೆಲ್ಲಿನ ಬಾಗಿಲು ತೆರೆದು, ಬಟನ್ ಒತ್ತಿ ಹಿಡಿದೇ ಮುಚ್ಚಿದರೆ ಫ್ಲೈಟ್ ಮೋಡ್‌ಗೆ ಹೋಗುತ್ತೆ. ಬೇರೆ ಮಾಡೆಲ್‌ಗಳಲ್ಲಿ ಬೇರೆ ವಿಧಾನ ಇರುತ್ತೆ, ಕೊಟ್ಟವರನ್ನೇ ಕೇಳಿಕೊಳ್ಳಬೇಕು. ಫ್ಲೈಟ್ ಮೋಡ್‌ನಲ್ಲೂ ಮಾತು ಕೇಳಿಸೋದು ಮೊದಲಿನ ಹಾಗೇ. ಫೋನಿನ ಜೊತೆ ಸಂಪರ್ಕ ಮಾತ್ರ ಇರಲ್ಲ.

ವಾಪಸ್ ರೈಲಿನಲ್ಲಿ ಕೂತಾಗ ಒಂದು ಲೆಕ್ಕ ತಲೆಗೆ ಬಂತು. ನಾನು ಹುಡುಗರಿಗೆ ವರ್ಷಾನುಗಟ್ಟಲೆ ಹೇಳಿದ ಪಾಠವೇ ಅದು. ಯಾವ ಟ್ರಾನ್ಸ್‌ಮಿಟರ್ ಆದರೂ ಪವರ್ ಸಪ್ಲೈ ಕೊಟ್ಟದ್ದಕ್ಕಿಂತ ಜಾಸ್ತಿ ಹೊರಗೆ ಬಿಡಲ್ಲ. ಡಬ್ಬದಲ್ಲಿ ಇಲ್ಲದ್ದು ಹೊರಗೆ ಬರೋಕೆ ಸಾಧ್ಯವೇ ಇಲ್ಲ. ನನ್ನ ಕಿವಿ ಹಿಂದೆ ಇರೋ ಡಬ್ಬ ಯಾವುದು? ಬಟಾಣಿ ಕಾಳಿನಷ್ಟು ಒಂದು ಸೆಲ್ಲು. ಅದರಲ್ಲಿ ಎಷ್ಟಿದೆ, ಎಷ್ಟು ದಿನ ಬರುತ್ತೆ ಅಂತ ಗೊತ್ತಾದರೆ ಸಾಕು. ಆಂಟೆನಾದಿಂದ ಹೊರಡೋದು ಅದರ ಒಂದು ಭಾಗ ಅಷ್ಟೇ ಆಗಿರಬೇಕು.

ನನ್ನದು 13ನೇ ನಂಬರಿನ ಸೆಲ್ಲು, ಕಿತ್ತಳೆ ಬಣ್ಣದ ಸ್ಟಿಕ್ಕರ್ ಇರೋದು. ಇದು ಜಿಂಕ್ ಏರ್ ಸೆಲ್ಲು. ಸ್ಟಿಕ್ಕರ್ ಕಿತ್ತ ಮೇಲೆ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ ಕೆಲಸ ಶುರುವಾಗುತ್ತೆ. ಅದಕ್ಕೇ ಕಿತ್ತ ತಕ್ಷಣ ಹಾಕಬಾರದು, ಒಂದೆರಡು ನಿಮಿಷ ಬಿಡಬೇಕು. 1.4 ವೋಲ್ಟ್, ಸುಮಾರು 300 ಮಿಲಿಆಂಪ್ ಅವರ್. ಗುಣಿಸಿದರೆ 420 ಮಿಲಿವ್ಯಾಟ್ ಅವರ್, ಅಂದರೆ 420 ಮಿಲಿವ್ಯಾಟ್‌ನ ಹಾಗೆ ಒಂದು ಗಂಟೆ ಓಡಿಸುವಷ್ಟು ಶಕ್ತಿ. ಒಂದು ಸೆಲ್ಲಿನ ಇಡೀ ಆಸ್ತಿ ಇಷ್ಟೇ.

ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗುರುತು ಹಾಕೋಕೆ ಶುರು ಮಾಡಿದೆ. ಮೊದಲು ಫ್ಲೈಟ್ ಮೋಡ್‌ನಲ್ಲಿ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ದಿನಕ್ಕೆ 14 ಗಂಟೆ. ಸೆಲ್ಲು 12 ದಿನ ಬಂತು. ಅಂದರೆ 168 ಗಂಟೆ. 420ನ್ನು 168ರಿಂದ ಭಾಗಿಸಿದರೆ 2.5 ಮಿಲಿವ್ಯಾಟ್. ಮೈಕು, ಆಂಪ್ಲಿಫೈಯರು, ಕಂಪ್ಯೂಟರ್ ಚಿಪ್ಪು, ಸ್ಪೀಕರು ಎಲ್ಲ ಸೇರಿ ಇಷ್ಟು ಖರ್ಚು. ಆಮೇಲೆ ಬ್ಲೂಟೂತ್ ಹಾಕಿ, ದಿನಾ ಎರಡೂವರೆ ಗಂಟೆ ಫೋನಿನ ಮಾತು, ವಾರ್ತೆ, ಹಾಡು ಎಲ್ಲ ಮಿಷಿನ್‌ನಲ್ಲೇ ಕೇಳಿದೆ. ಆಗ 9 ದಿನಕ್ಕೆ ಸೆಲ್ಲು ಮುಗಿಯಿತು. 126 ಗಂಟೆ. ಸರಾಸರಿ 3.3 ಮಿಲಿವ್ಯಾಟ್. ಎರಡೂ ರೀತಿಯಲ್ಲಿ ಎರಡೆರಡು ಸಲ ನೋಡಿದೆ, ಅರ್ಧ ದಿನ ಆಚೆ ಈಚೆ ಆಯಿತು ಅಷ್ಟೇ.

ವ್ಯತ್ಯಾಸ ಒಂದು ಮಿಲಿವ್ಯಾಟ್‌ಗಿಂತ ಕಡಿಮೆ. ಆ ಹೆಚ್ಚುವರಿ ಖರ್ಚನ್ನೆಲ್ಲ ಎರಡೂವರೆ ಗಂಟೆಗೆ ಮಾತ್ರ ಹಂಚಿದರೂ 5 ಮಿಲಿವ್ಯಾಟ್ ದಾಟಲಿಲ್ಲ. ಅದರಲ್ಲೂ ಜಾಸ್ತಿ ಪಾಲು ಚಿಪ್ಪಿನ ಕೆಲಸಕ್ಕೇ ಹೋಗುತ್ತೆ. ಹಾಡು ಕೇಳುವಾಗ ಕಳಿಸೋದು ಫೋನು, ಮಿಷಿನ್ ಮುಖ್ಯವಾಗಿ ಕೇಳಿಸಿಕೊಳ್ಳುತ್ತೆ. 'ಬಂತು, ಸಿಕ್ಕಿತು' ಅಂತ ನಡುನಡುವೆ ಚಿಕ್ಕ ಉತ್ತರ ಕೊಡುತ್ತೆ ಅಷ್ಟೇ.

ಫೋನಿನ ಜೊತೆ ಹೋಲಿಸಿ ನೋಡಿ. ನನ್ನ ಫೋನಿನ ಬ್ಯಾಟರಿ 5000 ಮಿಲಿಆಂಪ್ ಅವರ್. ಸುಮಾರು 19 ವ್ಯಾಟ್ ಅವರ್, ಅಂದರೆ 19,000 ಮಿಲಿವ್ಯಾಟ್ ಅವರ್. ಅದು ಒಂದು ದಿನಕ್ಕೇ ಖಾಲಿ. 4ಜಿ ಫೋನು ಟವರ್ ಜೊತೆ ಮಾತಾಡುವಾಗ ಸಿಗ್ನಲ್ ಕಡಿಮೆ ಇದ್ದರೆ ಸುಮಾರು 200 ಮಿಲಿವ್ಯಾಟ್‌ವರೆಗೂ ಬಿಡುತ್ತೆ. ಇಪ್ಪತ್ತು ವರ್ಷ ಅದನ್ನು ಕಿವಿಗೆ ಒತ್ತಿಕೊಂಡು ಮಾತಾಡಿದ್ದೇನೆ. ಆ ಹೆದರಿಕೆ ಯಾವತ್ತೂ ಬರಲಿಲ್ಲ.

ಈ ಲೆಕ್ಕ ತೋರಿಸಿದಾಗ ನನ್ನ ಹೆಂಡತಿ ಒಂದು ಒಳ್ಳೆ ಪ್ರಶ್ನೆ ಕೇಳಿದಳು. ಮೈಕ್ರೋವೇವ್ ಒಲೆಯಲ್ಲಿ ಇರೋದೂ ಇದೇ ಅಲೆ ಅಂತಾರಲ್ಲ? ಹೌದು, ಅದು ಸುಳ್ಳಲ್ಲ. ಬ್ಲೂಟೂತ್ ಕೆಲಸ ಮಾಡೋದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಒಲೆಯದ್ದು 2.45. ಆದರೆ ಒಲೆಯದ್ದು 800 ವ್ಯಾಟ್, ಅಂದರೆ ಎಂಟು ಲಕ್ಷ ಮಿಲಿವ್ಯಾಟ್. ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯೋದೂ ನೀರೇ, ನಮ್ಮ ಮನೆ ನಲ್ಲಿಯಿಂದ ತೊಟ್ಟಿಕ್ಕೋದೂ ನೀರೇ. ಕೊಚ್ಚಿಕೊಂಡು ಹೋಗೋದು ನಾಲೆಗೆ ಬಿದ್ದರೆ ತಾನೆ?

ಇನ್ನು ಅವಳ ತಮ್ಮನಿಗೆ ಕೊಟ್ಟದ್ದು. ಅದು ಬೇರೆ ಜಾತಿಯ ಕಿರಣ. ಅದರ ಒಂದೊಂದು ಕಣಕ್ಕೂ ಜೀವಕೋಶದೊಳಗಿನ ಬಂಧಗಳನ್ನು ಮುರಿಯುವ ಶಕ್ತಿ ಇರುತ್ತೆ, ಕ್ಯಾನ್ಸರ್ ಗಡ್ಡೆಯನ್ನು ಸುಡೋಕೆ ಅಂತಲೇ ಕೊಡುತ್ತಾರೆ. ರೇಡಿಯೋ ಅಲೆಗೆ ಆ ಶಕ್ತಿ ಇಲ್ಲ. ಜಾಸ್ತಿ ಆದರೆ ಬಿಸಿ ಮಾಡುತ್ತೆ. ಮಟಮಟ ಮಧ್ಯಾಹ್ನದ ಬಿಸಿಲು ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಸುಮಾರು 100 ಮಿಲಿವ್ಯಾಟ್ ಸುರಿಯುತ್ತೆ. ಒಂದೆರಡು ಮಿಲಿವ್ಯಾಟ್ ಏನು ಬಿಸಿ ಮಾಡೀತು? ಕನ್ನಡದಲ್ಲಿ ಎರಡಕ್ಕೂ ವಿಕಿರಣ ಅಂತಲೇ ಬರೆಯುತ್ತೇವೆ, ಇಂಗ್ಲಿಷ್‌ನಲ್ಲೂ ರೇಡಿಯೇಷನ್ ಅಂತಲೇ. ಒಂದೇ ಹೆಸರು ಎಷ್ಟು ಮನೆಗಳಲ್ಲಿ ಎಷ್ಟು ನಿದ್ದೆ ಕೆಡಿಸಿದೆಯೋ ಅಂತ ನನಗೆ ನಿಜವಾಗಿಯೂ ಬೇಜಾರಾಗುತ್ತೆ.

ವಾಟ್ಸಾಪ್ ಮೆಸೇಜಿನಲ್ಲಿ ಒಂದು ಮಾತು ನಿಜ ಇತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ಅಲೆಗಳನ್ನು '2ಬಿ' ಗುಂಪಿಗೆ ಹಾಕಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸಾಲದು ಅನ್ನೋ ಗುಂಪು ಅದು. ಮೊಬೈಲನ್ನು ತಲೆಗೆ ಹಿಡಿದು ತುಂಬಾ ಮಾತಾಡಿದವರನ್ನು ನೋಡಿದ ಅಧ್ಯಯನಗಳೇ ಅದಕ್ಕೆ ಮುಖ್ಯ ಆಧಾರ. 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಮಾಡಿಸಿದ ದೊಡ್ಡ ಪರಿಶೀಲನೆ ಪ್ರಕಟವಾಯಿತು. 63 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಮೆಸೇಜ್ ಬರೆದವರು ಮೊದಲನೆಯದನ್ನು ಮಾತ್ರ ಹಾಕಿದ್ದರು.

ಈಗ ನಾನು ಹೇಗೆ ಬಳಸುತ್ತೇನೆ ಅಂತ ಹೇಳುತ್ತೇನೆ. ಬ್ಲೂಟೂತ್ ಆನ್ ಇಟ್ಟಿದ್ದೇನೆ. ಫೋನ್ ಬಂದರೆ ಮಿಷಿನ್‌ನಲ್ಲೇ ಮಾತಾಡುತ್ತೇನೆ, ಫೋನು ಮೇಜಿನ ಮೇಲೋ ಕೈಚೀಲದಲ್ಲೋ ಇರುತ್ತೆ. ಹೀಗೆ ಮಾಡಿದರೆ ತಲೆಗೆ ತಾಗುವ ರೇಡಿಯೋ ಅಲೆ ಒಟ್ಟಾರೆ ಕಡಿಮೆಯಾಗುತ್ತೆ. ದೊಡ್ಡ ಟ್ರಾನ್ಸ್‌ಮಿಟರ್ ದೂರ ಹೋಯಿತಲ್ಲ! ಹಳ್ಳಿ ಕಡೆ ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಅಂತೂ ಫೋನನ್ನು ಮೈಗೆ ಒತ್ತಿ ಇಟ್ಟುಕೊಳ್ಳಲ್ಲ. ರಾತ್ರಿ ಮಿಷಿನ್ ಬಿಚ್ಚಿ ಸೆಲ್ಲಿನ ಬಾಗಿಲು ತೆರೆದಿಡುತ್ತೇನೆ, ಅದು ತೇವ ಆರಲಿ ಅಂತ. ಯಾರಿಗಾದರೂ ಇಷ್ಟೆಲ್ಲ ತಿಳಿದ ಮೇಲೂ ಮನಸ್ಸು ಒಪ್ಪದಿದ್ದರೆ ಫ್ಲೈಟ್ ಮೋಡ್‌ನಲ್ಲೇ ಹಾಕಿಕೊಳ್ಳಲಿ. ಬ್ಲೂಟೂತ್ ಇಲ್ಲದೆ ಫೋನಿನ ಮಾತು ಹಿಡಿಯೋಕೆ ಟೆಲಿಕಾಯಿಲ್ ಇರೋ ಮಿಷಿನ್ ಕೇಳಿ ತೆಗೆದುಕೊಳ್ಳಬಹುದು. ಅದರೊಳಗಿರೋದು ಒಂದು ತಂತಿ ಸುರುಳಿ ಮಾತ್ರ, ಏನನ್ನೂ ಕಳಿಸಲ್ಲ.

ಮೈಸೂರಿನ ಒಂದು ಅಂಗಡಿಯಲ್ಲಿ ಫೋನಿಗೆ ಅಂಟಿಸೋ, ರೇಡಿಯೇಷನ್ ತಡೆಯೋ ಸ್ಟಿಕ್ಕರ್ ಅಂತ ನನಗೆ 500 ರೂಪಾಯಿಗೆ ಮಾರಿದ್ದರು. ಅದನ್ನು ಕಿತ್ತು ಬಿಸಾಡಿದೆ. ನಿಜವಾಗಿ ಸಿಗ್ನಲ್ ತಡೆದರೆ ಫೋನು ಟವರ್ ಹಿಡಿಯೋಕೆ ಇನ್ನೂ ಜೋರಾಗಿ ಕೂಗಬೇಕಾಗುತ್ತೆ. ತಡೆಯದಿದ್ದರೆ ದುಡ್ಡು ದಂಡ.

ಹೆದರಲೇಬೇಕಾದ ಕೆಲವು ವಿಷಯಗಳೂ ಇವೆ, ಇವನ್ನು ಯಾರೂ ಮೆಸೇಜ್ ಮಾಡಲ್ಲ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಪೇಸ್‌ಮೇಕರ್ ಇದೆ. ಅವರು ಮಿಷಿನ್ ಬಿಚ್ಚಿದರೆ ಅಂಗಿಯ ಎದೆ ಜೇಬಿಗೇ ಹಾಕುತ್ತಿದ್ದರು. ವೈರ್‌ಲೆಸ್ ಮಿಷಿನ್, ಅದರ ರಿಮೋಟ್, ಅಯಸ್ಕಾಂತ ಇರೋ ಚಾರ್ಜರ್ ಇವನ್ನೆಲ್ಲ ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್ ಆದರೂ ದೂರ ಇಡಬೇಕು ಅಂತ ಹೇಳಿ ಅಭ್ಯಾಸ ಬಿಡಿಸಿದೆ. ಎಂಆರ್‌ಐ ಕೋಣೆಗೆ ಹೋಗುವ ಮೊದಲು ಮಿಷಿನ್ ಬಿಚ್ಚಲೇಬೇಕು. ಎಲ್ಲಕ್ಕಿಂತ ದೊಡ್ಡದು ಆ ಬಟಾಣಿಯಂಥ ಸೆಲ್ಲು. ನನ್ನ ಮೊಮ್ಮಗನಿಗೆ ಮೂರು ವರ್ಷ. ಮಗು ಸೆಲ್ಲನ್ನು ನುಂಗಿದರೆ, ಮೂಗಿಗೆ ಕಿವಿಗೆ ತುರುಕಿಕೊಂಡರೆ ಒಳಗೇ ಸುಟ್ಟ ಗಾಯವಾಗಬಹುದು, ಗಂಟೆಗಳ ಲೆಕ್ಕದಲ್ಲಿ. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಬೇಕು. ಹಳೇ ಸೆಲ್ಲುಗಳನ್ನು ನಾನು ಈಗ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಡುತ್ತೇನೆ.

1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿ ಶುರು ಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್‌ನಿಂದ. ತರಗತಿಯಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಮೈಸೂರು ಆಕಾಶವಾಣಿಯ ಬೆಳಗಿನ ಕಾರ್ಯಕ್ರಮವನ್ನು ಫೋನಿನಿಂದ ಮಿಷಿನ್‌ಗೆ ತಂದುಕೊಂಡು ಕೇಳುತ್ತೇನೆ. ಆ ಹೊತ್ತಿಗೆ ಸೆಲ್ಲಿನ ಲೆಕ್ಕ ಇಡೋದು ನನ್ನ ಹೆಂಡತಿ. ಪೆನ್ಸಿಲ್ ಅವಳ ಕೈಗೆ ಹೋಗಿ ಬಹಳ ದಿನವಾಯಿತು. ನಿನ್ನೆ ಕಾಫಿ ಇಟ್ಟು ಪಕ್ಕದಲ್ಲಿ ಎರಡು ಹೊಸ ಸೆಲ್ಲು ಇಟ್ಟಳು. "ಇವತ್ತಿಗೆ ಒಂಬತ್ತು ದಿನ ಆಯ್ತು ರೀ, ಈಗಲೇ ಬದಲಾಯಿಸ್ಕೊಳ್ಳಿ. ಮಾರ್ಕೆಟ್‌ಗೆ ಹೋಗುವಾಗ ದಾರಿಯಲ್ಲಿ ಆಫ್ ಆಗೋದು ಬೇಡ" ಅಂದಳು.