ಹಳೆ ಬುಲೆಟ್‌ಗೆ ಸಣ್ಣ ಟ್ಯಾಂಕ್: ಚಾಸಿ ಕೊಯ್ಯದೆ ಕೂರಿಸುವುದು ಹೇಗೆ

ಎರಕದ ಕಬ್ಬಿಣದ ಎಂಜಿನ್ನಿನ ಹಳೆ ಬುಲೆಟ್ 350ರ ಕಂಪನಿ ಟ್ಯಾಂಕಿಗೆ ಸುಮಾರು 14 ಲೀಟರ್ ಹಿಡಿಯುತ್ತದೆ. ತುಂಬಿಸಿದರೆ ಪೆಟ್ರೋಲಿನ ತೂಕವೇ ಹತ್ತು ಕೆಜಿ. 8 ಲೀಟರಿನ ಟ್ಯಾಂಕ್ ಹಾಕಿದರೆ ಗಾಡಿ ನೋಡಲು ಸಪೂರ, ಎಸ್ಟೇಟಿನ ಕಲ್ಲುದಾರಿಯಲ್ಲಿ ಎದ್ದು ನಿಂತು ಓಡಿಸಲು ಹಗುರ. ಆದರೆ ಟ್ಯಾಂಕಿಗಾಗಿ ಚಾಸಿಯನ್ನು ಕೊಯ್ಯಬೇಡಿ, ಚಾಸಿಗೆ ತಕ್ಕಂತೆ ಟ್ಯಾಂಕನ್ನು ಹೊಂದಿಸಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ ಮಾತ್ರ ಅನ್ವಯ. ಚಾಸಿಯ ಒಂದು ಲಗ್ (ಬೋಲ್ಟ್ ಹಾಕುವ ಕಿವಿ) ಕತ್ತರಿಸಿದರೂ ಆ ಅವಕಾಶಕ್ಕೆ ಕುತ್ತು ಬರಬಹುದು. ಹಳೆ ಟ್ಯಾಂಕನ್ನು ಗುಜರಿಗೆ ಹಾಕದೆ, ಒಳಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಸವರಿ, ಬಾಯಿ ಮುಚ್ಚಿ ಅಟ್ಟದ ಮೇಲಿಡಿ.

ಟ್ಯಾಂಕ್ ಕೊಳ್ಳುವ ಮುಂಚೆ ಅಳತೆಪಟ್ಟಿ ಹಿಡಿಯಿರಿ. ಟ್ಯಾಂಕಿನ ಅಡಿಯ ಸುರಂಗ, ಅಂದರೆ ಚಾಸಿಯ ಪೈಪ್ ಕೂರುವ ತೋಡು, ಆ ಪೈಪಿಗಿಂತ ಎರಡೂ ಬದಿ ಕನಿಷ್ಠ 8 ಮಿ.ಮೀ. ಅಗಲವಿರಬೇಕು. ವೈರಿಂಗ್, ಆಕ್ಸಿಲರೇಟರ್ ಕೇಬಲ್ ಅದರಲ್ಲೇ ಹಾಯುತ್ತವೆ ಎನ್ನುವುದೂ ಲೆಕ್ಕದಲ್ಲಿರಲಿ. ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಕೂರುವ ಜಾಗ ಕಾರ್ಬೊರೇಟರಿನ ಫ್ಲೋಟ್ ಬೌಲ್‌ಗಿಂತ (ಪೆಟ್ರೋಲ್ ನಿಲ್ಲುವ ಬಟ್ಟಲಿಗಿಂತ) ಸ್ಪಷ್ಟವಾಗಿ ಮೇಲಿರಬೇಕು. ಇಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯಬೇಕು. ಫೈಬರ್‌ಗ್ಲಾಸ್ ಟ್ಯಾಂಕ್ ಎಷ್ಟೇ ಚೆಂದ ಕಂಡರೂ ಬೇಡ. ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ಹಳೆ ಕಾಲದ ರಾಳವನ್ನು ಮೆದು ಮಾಡುತ್ತದೆ, ಕರಗಿದ ಅಂಟು ಕಾರ್ಬೊರೇಟರಿನ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ) ಹೋಗಿ ಕೂರುತ್ತದೆ. ಉಕ್ಕು ಅಥವಾ ಅಲ್ಯೂಮಿನಿಯಂ ಟ್ಯಾಂಕನ್ನೇ ತೆಗೆದುಕೊಳ್ಳಿ.

ಹಳೆ ಉಕ್ಕಿನ ಟ್ಯಾಂಕಾದರೆ ಮೊದಲು ಒಳಗಿನ ತುಕ್ಕು ಬಿಡಿಸಬೇಕು. ಒಂದು ಹಿಡಿ ನಟ್ಟುಗಳನ್ನು ಹಾಕಿ ಚೆನ್ನಾಗಿ ಕುಲುಕಿ, ಬಿಳಿ ವಿನೆಗರ್ ತುಂಬಿ ಒಂದು ದಿನ ಬಿಡಿ, ನಟ್ಟುಗಳನ್ನು ಎಣಿಸಿ ಹೊರತೆಗೆಯಿರಿ. ನೀರಿಗೆ ಅಡಿಗೆ ಸೋಡಾ ಕಲಸಿ ತೊಳೆದು, ಒಣಗಿದ ಕೂಡಲೇ 2ಟಿ ಆಯಿಲ್ ಸವರಿ. ತಡ ಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಕೆಂಪಗೆ ಏಳುತ್ತದೆ. ಸೋರಿಕೆ ಪರೀಕ್ಷೆಗೆ ರಂಧ್ರಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ 2 ಪಿಎಸ್‌ಐ ಗಾಳಿ ಕೊಟ್ಟು ಸೋಪಿನ ನೊರೆ ಹಚ್ಚಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರ ಹಿಡಿದರೆ ಟ್ಯಾಂಕ್ ಉಬ್ಬಿ ಕೆಡುತ್ತದೆ. ಸೋರುತ್ತಿದ್ದರೆ ಬೆಸುಗೆಯವರಿಗೆ ಇದು ಪೆಟ್ರೋಲ್ ಟ್ಯಾಂಕ್ ಎಂದು ಬಾಯಿ ಬಿಟ್ಟು ಹೇಳಿ. ಖಾಲಿ ಕಂಡ ಟ್ಯಾಂಕಿನೊಳಗಿನ ಆವಿಯೇ ಸಿಡಿಯುವುದು, ದ್ರವವಲ್ಲ. ಸಾಬೂನು ನೀರಿನಲ್ಲಿ ಹಲವು ಸಲ ತೊಳೆದು, ಬೆಸುಗೆ ಹಾಕುವ ಜಾಗ ಬಿಟ್ಟು ಉಳಿದದ್ದನ್ನೆಲ್ಲ ನೀರಿನಿಂದ ತುಂಬಿಸಿದ ಮೇಲೆಯೇ ಬೆಂಕಿ ತೋರಿಸಬೇಕು. ಈ ವಿಷಯದಲ್ಲಿ ಅವಸರ ಮಾಡುವವರ ಕೈಗೆ ಕೆಲಸ ಕೊಡಲೇಬೇಡಿ.

ಇನ್ನು ಕೂರಿಸುವುದು. ಬ್ಯಾಟರಿ ವೈರ್ ಬಿಚ್ಚಿ, ಹಳೆ ಟ್ಯಾಂಕಿನ ಪೆಟ್ರೋಲ್ ಬಸಿದು ತೆಗೆಯಿರಿ. ಹೊಸದನ್ನು ರಬ್ಬರ್ ಮೇಲೆ ಸುಮ್ಮನೆ ಇಟ್ಟು ನೋಡಿ. ಹಳೆ ಬೋಲ್ಟ್ ರಂಧ್ರಕ್ಕೆ ಕೂರದಿದ್ದರೆ ಲೇತ್ ಅಂಗಡಿಯಲ್ಲಿ 3 ಮಿ.ಮೀ. ಪಟ್ಟಿಯಿಂದ ಬ್ರಾಕೆಟ್ ಮಾಡಿಸಿ, ಚಾಸಿಯ ಇರುವ ರಂಧ್ರಕ್ಕೇ ಕಟ್ಟಿ. ಬೋಲ್ಟ್‌ಗೆ ಉಕ್ಕಿನ ಬುಷ್ (ಸಣ್ಣ ಕೊಳವೆ), ಅದರ ಸುತ್ತ ರಬ್ಬರ್ ಇರಬೇಕು. ಬುಷ್ ರಬ್ಬರಿಗಿಂತ ಒಂದು ಕೂದಲೆಳೆ ಗಿಡ್ಡವಿದ್ದರೆ ನಟ್ ಬಿಗಿದು ನಿಲ್ಲುತ್ತದೆ, ರಬ್ಬರ್ ಮಾತ್ರ ಹಿತವಾಗಿ ಒತ್ತುತ್ತದೆ. ಬುಷ್ ಇಲ್ಲದೆ ಬಿಗಿದರೆ ಬುಲೆಟ್‌ನ ಒದರಾಟಕ್ಕೆ ಬ್ರಾಕೆಟ್ ಬುಡದಲ್ಲೇ ಬಿರುಕು ಬಿಡುತ್ತದೆ. ಸೋರಿಕೆ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಒಳಗೆಲ್ಲಿ ತಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಚಪಾತಿ ಹಿಟ್ಟು ಸಾಕು. ಎಂಜಿನ್ ಹೆಡ್‌ನ ಮೇಲೆ, ಹೆಡ್ಡನ್ನು ಚಾಸಿಗೆ ಹಿಡಿದಿಡುವ ಹೆಡ್ ಸ್ಟೆಡಿ ಪಟ್ಟಿಯ ಬೋಲ್ಟ್ ಮೇಲೆ, ಪೈಪಿನ ಎರಡೂ ಬದಿಗೆ ಸಣ್ಣ ಉಂಡೆಗಳನ್ನು ಅಂಟಿಸಿ, ಟ್ಯಾಂಕ್ ಇಟ್ಟು ಒತ್ತಿ ಎತ್ತಿ. ಉಂಡೆ ಚಪ್ಪಟೆಯಾಗಿ 6 ಮಿ.ಮೀ.ಗಿಂತ ತೆಳುವಾದಲ್ಲಿ ರಬ್ಬರ್ ಎತ್ತರಿಸಬೇಕು. ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಹೆಬ್ಬೆರಳು ಹಿಡಿಸಬೇಕು.

ಕಾಕ್ ವಿಷಯದಲ್ಲಿ ಥ್ರೆಡ್ ನೋಡಿಕೊಳ್ಳಿ. ಹಳೆ ಬ್ರಿಟಿಷ್ ಮಾದರಿಯಲ್ಲಿ ಸಾಮಾನ್ಯವಾಗಿ ಕಾಲಿಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಇರುತ್ತದೆ. ಅದರ ಹೊರ ವ್ಯಾಸ 13.16 ಮಿ.ಮೀ., ಇಂಚಿಗೆ 19 ಸುತ್ತು. ಮೆಟ್ರಿಕ್ ಕಾಕನ್ನು ಬಲವಂತದಿಂದ ತುರುಕಿದರೆ ಟ್ಯಾಂಕಿನ ಥ್ರೆಡ್ಡೇ ಹೋಗುತ್ತದೆ. ಫೈಬರ್ ವಾಷರ್ ಹಾಕಿ. ಟೆಫ್ಲಾನ್ ಟೇಪಿನ ಎಳೆ ಜೆಟ್‌ಗೆ ಹೋಗುತ್ತದೆ, ಸಿಲಿಕಾನ್ ಪೆಟ್ರೋಲಿನಲ್ಲಿ ಉಬ್ಬುತ್ತದೆ, ಎರಡೂ ಬೇಡ. ಪೈಪು ಇ20ಗೆ ಹೊಂದುವಂಥದ್ದು, 6 ಮಿ.ಮೀ. ಒಳ ವ್ಯಾಸದ್ದು, ಕಾಕ್‌ನಿಂದ ಕಾರ್ಬೊರೇಟರಿಗೆ ಒಂದೇ ಸಮ ಇಳಿಜಾರಾಗಿರಲಿ. ನಡುವೆ ಮೇಲೆದ್ದು ಬಳುಕಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಈಗ ಮುಚ್ಚಳ ಹಾಕಿಯೇ ಹರಿವು ನೋಡಿ. ಟ್ಯಾಂಕಿನಲ್ಲಿ ರಿಸರ್ವ್ ಮಟ್ಟ ಇರುವಾಗ, ಪೈಪನ್ನು ಬಾಟಲಿಗೆ ಬಿಟ್ಟರೆ ನಿಮಿಷಕ್ಕೆ 250 ಮಿ.ಲೀ. ಬರಬೇಕು. ಎಂಜಿನ್ ಪೂರ್ತಿ ಎಳೆದಾಗಲೂ ಬೇಕಾಗುವುದು ಅದರ ಅರ್ಧಕ್ಕಿಂತ ಕಡಿಮೆ. ಮೊದಲು ಜೋರಾಗಿ ಬಂದು ಆಮೇಲೆ ಸಣ್ಣಗಾದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿದೆ.

ಸಣ್ಣ ಟ್ಯಾಂಕ್ ಹಾಕಿಸಿದವರು ದಾರಿಯಲ್ಲಿ ನಿಲ್ಲುವುದು ಹೆಚ್ಚಾಗಿ ಸುರಂಗದ ಕಾರಣಕ್ಕೆ. ಸುರಂಗ ಟ್ಯಾಂಕಿನ ಅಡಿಯನ್ನು ಎರಡು ಪಾಲು ಮಾಡುತ್ತದೆ, ಕಾಕ್ ಒಂದೇ ಬದಿಗಿರುತ್ತದೆ. ಮಟ್ಟ ಸುರಂಗಕ್ಕಿಂತ ಕೆಳಗಿಳಿದ ಮೇಲೆ ಆಚೆ ಬದಿಯ ಪೆಟ್ರೋಲ್ ಈಚೆ ಬರುವುದೇ ಇಲ್ಲ. ಜೊತೆಗೆ ಹಳೆ ಕಾಕ್‌ನ ಮೇನ್ ಕೊಳವೆ ಎತ್ತರದ್ದಾಗಿದ್ದರೆ ಸಣ್ಣ ಟ್ಯಾಂಕಿನಲ್ಲಿ ಬೇಗನೆ ರಿಸರ್ವ್ ಬರುತ್ತದೆ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ತುಂಬಿಸಿ, ಮೇನ್‌ನಲ್ಲಿ ಬಸಿಯಿರಿ, ಅಳೆಯಿರಿ. ರಿಸರ್ವ್‌ನಲ್ಲಿ ಬಸಿಯಿರಿ, ಅಳೆಯಿರಿ. ಕೊನೆಗೆ ಟ್ಯಾಂಕ್ ಬಿಚ್ಚಿ ಮಗುಚಿ, ಉಳಿದದ್ದನ್ನು ಅಳೆಯಿರಿ. 8 ಲೀಟರಿನಲ್ಲಿ ಮೇನ್ 5.8, ರಿಸರ್ವ್ 1.4, ಸಿಕ್ಕಿಕೊಂಡದ್ದು 0.8 ಎಂದಿಟ್ಟುಕೊಳ್ಳಿ. ಘಟ್ಟದಲ್ಲಿ ಲೀಟರಿಗೆ 25 ಕಿ.ಮೀ. ಹಿಡಿದರೆ 145 ಕಿ.ಮೀ.ಗೆ ರಿಸರ್ವ್, ಅಲ್ಲಿಂದ 35 ಕಿ.ಮೀ. ಚಿಕ್ಕಮಗಳೂರಿನಿಂದ ಹಾಸನಕ್ಕೆ ಹೋಗಿ ಬರಲು ಸಾಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವುದಾದರೆ ಮೂಡಿಗೆರೆಯಲ್ಲೇ ತುಂಬಿಸಿಕೊಳ್ಳಿ.

ನಿಂತೇ ಹೋದರೆ ಗಾಡಿಯನ್ನು ಕಾಕ್ ಇರುವ ಬದಿಗೆ ಚೆನ್ನಾಗಿ ಓರೆ ಮಾಡಿ, ಆಚೆಯದು ಸುರಂಗ ಹತ್ತಿ ಬರುತ್ತದೆ. ಶಾಶ್ವತ ಪರಿಹಾರವೆಂದರೆ ಎರಡೂ ಬದಿಗೆ ನಿಪ್ಪಲ್ ಹಾಕಿಸಿ ಕೆಳಗಿಂದ ಪೈಪ್ ಜೋಡಿಸುವುದು. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿಯುವುದರಿಂದ, ಮುಳ್ಳಯ್ಯನಗಿರಿಯಂಥ ಏರು ಹತ್ತುವವರಿಗೆ ಕಾಕ್ ಟ್ಯಾಂಕಿನ ಹಿಂಭಾಗದಲ್ಲಿರುವುದೇ ಒಳ್ಳೆಯದು.

ಮಲೆನಾಡಿನ ಮಳೆಗೆ ಮುಚ್ಚಳದ ವಾಷರ್ ಗಟ್ಟಿಯಿರಬೇಕು. ಇ20 ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಬೇರ್ಪಟ್ಟು ತಳಕ್ಕೆ, ಅಂದರೆ ಕಾಕ್‌ನ ಬಾಯಿಗೇ ಬಂದು ಕೂರುತ್ತವೆ. ಜೂನ್‌ನಿಂದ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಪೂರ್ತಿ ಬಸಿದು ಎಣ್ಣೆ ಸವರಿ ಇಡಿ.

ಮೊದಲ 50 ಕಿ.ಮೀ. ಆದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು, ಕಾಕ್‌ನ ಜಾಲರಿ ಬಿಚ್ಚಿ ತೊಳೆಯಿರಿ.